ಕೊಕ್ಕೆ ಕತ್ತರಿಸಿದ ಜೆಟ್ ವಿಮಾನದ ಬಳಿ

ಚನ್ನರಾಯಪಟ್ಟಣದ ಹೊರವಲಯದ ಒಂದು ವಿದ್ಯಾಸಂಸ್ಥೆಯವರು ತಮ್ಮ ಅಂಗಳದಲ್ಲಿ ನಿಲ್ಲಿಸಿರುವ ಹಳೆಯ ನೌಕಾ ಜೆಟ್ ವಿಮಾನದ ಬಾಲದ ಕೊಕ್ಕೆಯನ್ನು ಕತ್ತರಿಸಿ ಹಾಕಿದರು. ಕತ್ತರಿಸಬೇಡಿ ಎಂದು ನಾನು ನಾಲ್ಕು ಪತ್ರ ಬರೆದಿದ್ದೆ. ಒಂದಕ್ಕೂ ಉತ್ತರ ಬರಲಿಲ್ಲ. ನಾಲ್ಕರ ನಕಲುಗಳೂ ನನ್ನಲ್ಲಿವೆ.

ಆ ಕಾರಣಕ್ಕೆ ನಾನು ಕಂಡು ಕೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮ್ಮ ಇಷ್ಟ. ಆದರೆ ಎರಡು ಸಲ ಮುಟ್ಟಿ ನೋಡದೆ ಯಾವ ಕಾಗದಕ್ಕೂ ಸಹಿ ಹಾಕದ ಕೆಲಸದಲ್ಲಿ ಹದಿನೈದು ವರ್ಷ ಕಳೆದವನು ನಾನು. ಇದಕ್ಕೂ ಹಾಗೆಯೇ ಸಹಿ ಹಾಕುತ್ತಿದ್ದೇನೆ.

ಹೊಳೆನರಸೀಪುರದ ಹಳೇಕೋಟೆಯಿಂದ ಹೋಗಿ ನೌಕಾಪಡೆಗೆ ಸೇರಿದ ನನಗೆ, ವಿಮಾನವಾಹಕ ಹಡಗಿನಲ್ಲಿ ಜೆಟ್‌ಗಳ ಒಡಲು ನೋಡಿಕೊಳ್ಳುವ ಕೆಲಸ. ಬಾಲದ ಕೊಕ್ಕೆ ನನ್ನ ಪಾಲಿನದು. ಹಡಗಿನ ಡೆಕ್ಕಿನ ಮೇಲೆ ಅಡ್ಡಲಾಗಿ ಬಿಗಿದ ಉಕ್ಕಿನ ಹಗ್ಗವನ್ನು ಆ ಕೊಕ್ಕೆ ಹಿಡಿದರೆ ವಿಮಾನ ನಿಲ್ಲುತ್ತದೆ. ಹಿಡಿಯದಿದ್ದರೆ ಮುಂದೆ ಸಮುದ್ರ.

ಪ್ರೊಪೆಲ್ಲರ್ ಹೋಗಿ ಜೆಟ್ ಬಂದ ಹೊಸತರಲ್ಲಿ ಎಷ್ಟು ಜನ ಸತ್ತರು ಎಂಬುದನ್ನು ಹಿರಿಯರು ಹೇಳುತ್ತಿದ್ದರು. ಇಳಿಯುವ ವೇಗ ಹೆಚ್ಚು. ಎಂಜಿನ್‌ಗೋ ಕೇಳಿದ ತಕ್ಷಣ ಬಲ ಕೊಡಲು ಬಾರದು. ಹಗ್ಗ ತಪ್ಪಿದವನು ಎದುರಿಗೆ ನಿಲ್ಲಿಸಿದ್ದ ವಿಮಾನಗಳಿಗೇ ಹೋಗಿ ಗುದ್ದಬೇಕು. ಚಕ್ರಗಳನ್ನೇ ತೆಗೆದು ರಬ್ಬರ್ ಹಾಸಿನ ಮೇಲೆ ಹೊಟ್ಟೆಯೂರಿಸಿ ಇಳಿಸುವ ಪ್ರಯೋಗವನ್ನೂ ಮಾಡಿ ಕೈಬಿಟ್ಟರಂತೆ. ಕೊನೆಗೆ ಇಳಿಯುವ ಪಟ್ಟಿಯನ್ನು ಓರೆಯಾಗಿ ಎಳೆದರು, ತಪ್ಪಿದವನು ಮತ್ತೆ ಹಾರಿಹೋಗಲಿ ಎಂದು. ಇಷ್ಟೆಲ್ಲ ಬದಲಾದರೂ ಕೊಕ್ಕೆ ಮಾತ್ರ ಉಳಿಯಿತು.

ಇದನ್ನೆಲ್ಲ ಇಪ್ಪತ್ತೆರಡು ಪುಟಗಳಲ್ಲಿ ಬರೆದು ಆ ಸಂಸ್ಥೆಗೆ ಕೊಟ್ಟೆ. ಅವರು ಹಾಕಿದ ಫಲಕದಲ್ಲಿ ಎಂಟು ಸಾಲು. ಅದರಲ್ಲೂ ‘ವಾಯುಪಡೆಯ ವಿಮಾನ’ ಎಂದು ಬರೆದಿದ್ದಾರೆ.

ವಿಮಾನದ ಉದ್ಘಾಟನೆಯ ಹಿಂದಿನ ಸಂಜೆ ಅಲ್ಲಿನ ಕಾವಲುಗಾರ ಜವರೇಗೌಡ ಫೋನ್ ಮಾಡಿದ. ಕಟ್ಟಾಯದ ಕಡೆಯವನು, ನನ್ನ ಬಗ್ಗೆ ಸ್ವಲ್ಪ ಗೌರವವಿದ್ದವನು.

“ಸಾ, ನಿಮ್ ಕೊಕ್ಕೆ ಕುಯ್ದಾಕ್ಬುಟ್ರು ಕಣ್ ಸಾ. ಶೆಡ್‌ನಾಗೆ ಬಿದ್ದೈತೆ. ಬತ್ತೀರಾ?”

ಬಸ್ಸು ಹಿಡಿದು ಹೋದೆ. ಬೆಳಗಾಗುವುದರೊಳಗೆ ಅದನ್ನು ಮತ್ತೆ ವೆಲ್ಡಿಂಗ್ ಮಾಡಿಸಬೇಕು, ಅಷ್ಟೇ ನನ್ನ ಹಟ. ಸಂಸ್ಥೆಯ ಕಾರ್ಯದರ್ಶಿಗಳ ಕೊಠಡಿಯಲ್ಲಿ ಅವರೂ ಸೇರಿ ಮೂವರು ಕುಳಿತಿದ್ದರು. ಮೂರು ಟೀ ಬಂತು. ನಾನು ನಿಂತೇ ಇದ್ದೆ.

“ಒಂದ್ ರಾಡು ನೇತಾಡ್ತಿತ್ತು, ಮಕ್ಳು ತಲೆಗೆ ಒಡೀತದೆ ಅಂತ ತೆಗೆಸ್ದೋ,” ಎಂದರು ಕಾರ್ಯದರ್ಶಿಗಳು. “ಇದೇನ್ ನಾಳೆ ನಮ್ಮೂರ್ ಕೆರೆ ಮೇಲೆ ಇಳೀಬೇಕಾ ಸಾ?”

ಉಳಿದಿಬ್ಬರು ನಕ್ಕರು.

“ಅದು ರಾಡಲ್ಲ. ಅದಿಲ್ಲದಿದ್ದರೆ ಅದು ಹಡಗಿನ ವಿಮಾನವೇ ಅಲ್ಲ,” ಎಂದೆ.

“ಆಯ್ತು ಬುಡಿ. ಶೆಡ್‌ನಾಗೇ ಐತಲ್ಲ, ಓಗಿ ನೋಡ್ಕಳಿ.”

ಶೆಡ್ಡಿನಲ್ಲಿ ಕೊಕ್ಕೆ ಇರಲಿಲ್ಲ. ಜವರೇಗೌಡ ತಲೆ ಕೆರೆದುಕೊಂಡ. “ನಾ ಗೇಟ್ ತಾವ ಇದ್ದಾಗ ಗುಜರಿ ಆಟೋ ಬಂದಿತ್ತು ಸಾ... ಅದ್ರಾಗೇ ಓಯ್ತೇನೋ.” ಅಷ್ಟರಲ್ಲಿ ಕಾರ್ಯದರ್ಶಿಗಳ ಕಾರು ಗೇಟು ದಾಟಿಯಾಗಿತ್ತು. ಫೋನ್ ಮಾಡಿದರೆ ಅವರು ಎತ್ತಲಿಲ್ಲ.

ಗಂಟೆ ಎಂಟೂವರೆ ಇರಬಹುದು. ವಿಮಾನದ ಬಾಲದ ಬಳಿ ಹೋಗಿ, ಕತ್ತರಿಸಿದ ಮೊಂಡನ್ನು ಅಂಗೈಯಿಂದ ಸವರಿದೆ. ಹಡಗಿನಲ್ಲಿ ನಮ್ಮ ಪದ್ಧತಿ ಅದು. ಬರಿಗೈಯಿಂದ ಸವರಿ, ಬಿರುಕಿಲ್ಲವೆಂದು ಖಾತ್ರಿ ಮಾಡಿಕೊಂಡು ಬಾಲದ ಬಳಿಯೇ ನಿಲ್ಲಬೇಕು. ಪೈಲಟ್ ಸುತ್ತು ಹಾಕಿ ಬಂದು “ಹುಕ್?” ಎನ್ನುತ್ತಾನೆ. “ಸರಿ ಇದೆ, ಸರ್” ಎಂದು ನಾವು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅವನು ಏಣಿ ಹತ್ತುವುದಿಲ್ಲ.

ಕರೆಂಟು ಹೋಯಿತು.

ಮೊದಲು ಬಂದದ್ದು ವಾಸನೆ. ಸುಟ್ಟ ಸೀಮೆಎಣ್ಣೆ, ಅದರ ಹಿಂದೆಯೇ ಉಪ್ಪುಗಾಳಿ... ಬಯಲುಸೀಮೆಯ ಆ ಒಣ ಅಂಗಳದಲ್ಲಿ, ತುಟಿ ಸವರಿದರೆ ಉಪ್ಪಿನ ರುಚಿ. ಆಮೇಲೆ ಹೆಜ್ಜೆ. ವಿಮಾನದ ಮೂತಿಯ ಕಡೆಯಿಂದ, ಎಡರೆಕ್ಕೆಯ ಅಂಚಿನಗುಂಟ, ಅವಸರವಿಲ್ಲದ ಬೂಟಿನ ಸದ್ದು. ಅಲ್ಲಲ್ಲಿ ನಿಂತು, ತಗಡನ್ನು ತಟ್ಟಿ, ಮುಂದೆ...

ನನ್ನಿಂದ ಎರಡು ಮಾರು ದೂರದಲ್ಲಿ ನಿಂತಿತು.

“ಹುಕ್?”

ನನಗೆ ಪರಿಚಯದ ದನಿಯಲ್ಲ. ನಾನು ಬಲ್ಲ ಯಾವ ಪೈಲಟ್‌ನದೂ ಅಲ್ಲ. ಸಿಟ್ಟಿಲ್ಲ, ಬೇಡಿಕೆಯಿಲ್ಲ. ಕೆಲಸದ ದನಿ.

ನನ್ನ ಕೈ ಇನ್ನೂ ಮೊಂಡಿನ ಮೇಲಿತ್ತು. ಸರಿ ಇದೆ ಎಂದರೆ ಸುಳ್ಳು. ಇಲ್ಲ ಎಂದು ಹೇಳಬೇಕು, ಹೇಳುವುದು ನನ್ನ ಕರ್ತವ್ಯ... ನಾಲಿಗೆ ಹೊರಳಲಿಲ್ಲ.

“ಹುಕ್?”

ಮೂರನೆಯ ಸಲ ಇನ್ನೂ ಹತ್ತಿರದಿಂದ, ಕಿವಿಯ ಪಕ್ಕದಲ್ಲೇ ಎಂಬಂತೆ ಕೇಳಿತು. ಆಮೇಲೆ ಏನೂ ಇಲ್ಲ. ಹೆಜ್ಜೆಗಳು ಹಿಂದಿರುಗಿ ಹೋಗಲಿಲ್ಲ. ಅವನು ಹೋದದ್ದು ನನಗೆ ಕೇಳಿಸಲೇ ಇಲ್ಲ.

ಕರೆಂಟು ಬಂದಾಗ ಜವರೇಗೌಡ ಗೇಟಿನ ಬಳಿ ಟಾರ್ಚು ಹಿಡಿದು ನಿಂತಿದ್ದ.

“ಯಾರ್ ಸಾ ಅದು? ಉಕ್ ಉಕ್ ಅಂತ ಮೂರ್ ಕಿತ ಕೇಳುದ್ರಲ್ಲ... ನೀವ್ಯಾಕ್ ಸಾ ಏನೂ ಅನ್ನಲಿಲ್ಲ?”

ಅವನೂ ಕೇಳಿದ್ದ. ಮೂರು ಸಲ ಎಂಬುದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಬೆಳಿಗ್ಗೆ ಹಾರ ತುರಾಯಿಗಳ ನಡುವೆ ಕಾರ್ಯದರ್ಶಿಗಳಿಗೆ ಎಲ್ಲವನ್ನೂ ಹೇಳಿದೆ. ಕೊಕ್ಕೆ ಹುಡುಕಿಸಿ, ಆಮೇಲೆ ಫಲಕದ ಪರದೆ ಸರಿಸಿ ಎಂದೆ. ಅವರು ಜವರೇಗೌಡನನ್ನು ಕರೆದು ಕೇಳಿದರು.

“ಏನ್ಲಾ, ನಿಂಗೂ ಕೇಳಿಸ್ತಾ?”

ಅವನು ನನ್ನ ಮುಖ ನೋಡಲಿಲ್ಲ. “ಇಲ್ಲ ಸಾ. ನಾ ಗೇಟ್ ತಾವ ಇದ್ದೆ.”

“ವಯಸ್ಸಾಯ್ತು ಸಾ, ಅಷ್ಟ್ ದೂರದಿಂದ ಬಸ್ನಾಗ್ ಬರಬಾರ್ದು ನೀವು,” ಎಂದು ಕಾರ್ಯದರ್ಶಿಗಳು ನನ್ನ ಭುಜ ತಟ್ಟಿದರು. ಹೌದು, ತಟ್ಟಿದರು. ಹತ್ತೂಕಾಲಿಗೆ ಪರದೆ ಸರಿಯಿತು. ಚಪ್ಪಾಳೆ ಬಿತ್ತು.

ಜವರೇಗೌಡನ ಹೊಟ್ಟೆಪಾಡು ನನಗೆ ಅರ್ಥವಾಗುತ್ತದೆ. ಆದರೂ ಆ ‘ಇಲ್ಲ ಸಾ’ ಮರೆತಿಲ್ಲ. ಮೊನ್ನೆ ಅವನೇ ಫೋನ್ ಮಾಡಿದ್ದ. ಕರೆಂಟು ಹೋದಾಗಲೆಲ್ಲ ಬೂಟಿನ ಸದ್ದು ಬಾಲದವರೆಗೆ ಬಂದು ನಿಲ್ಲುತ್ತದಂತೆ. ಈಗೀಗ ಅಲ್ಲಿಗೇ ನಿಲ್ಲದೆ ಕಛೇರಿಯ ಬಾಗಿಲವರೆಗೂ ಬರುತ್ತದಂತೆ.

ನನಗೆ ಹಳೇಕೋಟೆಯ ನನ್ನ ಮನೆಯಲ್ಲೂ ಈಗ ಕತ್ತಲಾದರೆ ಸಮಾಧಾನವಿಲ್ಲ. ಆದರೆ ಕೊಕ್ಕೆ ಕತ್ತರಿಸಿದವನು ನಾನಲ್ಲ.

ಕಾರ್ಯದರ್ಶಿಗಳೇ, ನಿಮ್ಮ ಬಾಗಿಲಿಗೇ ಬಂದು ಅವನು ಕೇಳಿದಾಗ, ನೀವು ಏನೆಂದು ಉತ್ತರ ಕೊಡುತ್ತೀರಿ?