ಅಚ್ಚಿನಮ್ಮನ ನಡಿಗೆ

ಮರದ ಅಚ್ಚಿನಿಂದ ಬಟ್ಟೆಗೆ ಹೂವು ಒತ್ತುತ್ತಲೇ ಮುದುಕಿಯಾದವಳಿಗೆ ಬೀದಿಯವರು ಇಟ್ಟ ಹೆಸರು ಅಚ್ಚಿನಮ್ಮ. ಒಂದು ಸೌತೆಕಾಯಿ ಹೆಚ್ಚಲು ಕೊಟ್ಟರೆ ಸಾಕು, ಒಳಗಿನ ಬೀಜದ ಸಾಲು ನೋಡುತ್ತಾ ಮೈಮರೆತು ಕೂತುಬಿಡುತ್ತಿದ್ದಳು. ಒಲೆಯ ಮೇಲಿದ್ದದ್ದು ಸೀದು ಕರಕಲಾಗುತ್ತಿತ್ತು. ಎಲೆಯ ನರ, ಬಸವನಹುಳುವಿನ ಚಿಪ್ಪು, ಮರಳಿನ ಮೇಲೆ ಗಾಳಿ ಎಳೆದ ಗೆರೆ, ಎಲ್ಲವೂ ಒಂದಲ್ಲ ಒಂದು ದಿನ ಯಾರದೋ ಹೊದಿಕೆಯ ಅಂಚಿಗೆ ಬಂದು ಸೇರುತ್ತಿದ್ದವು.

ಈಗ ಅವಳಿಗೆ ಹೆತ್ತ ಮಕ್ಕಳ ಗುರುತೂ ಹತ್ತುತ್ತಿರಲಿಲ್ಲ. ಹಗಲೆಲ್ಲ ನಡುಮನೆಯ ಗೋಡೆಯುದ್ದಕ್ಕೂ ನಡೆಯುತ್ತಿದ್ದಳು. ಎರಡು ಹೆಜ್ಜೆ, ಗೋಡೆಗೆ ಎಡಗೈ, ಅದರ ಮೇಲೆ ಬಲಮುಷ್ಟಿಯ ಒಂದು ಗುದ್ದು. ಮತ್ತೆ ಎರಡು ಹೆಜ್ಜೆ. ಪಕ್ಕದ ಮನೆಯವರು ದೂರಿ ದೂರಿ ಮಗನ ತಲೆ ಚಿಟ್ಟುಹಿಡಿಸಿದ್ದರು. ವೃದ್ಧಾಶ್ರಮದಲ್ಲಿ ಜಾಗ ಗೊತ್ತುಮಾಡಿಯಾಗಿತ್ತು, ಆ ದಿನ ಸಂಜೆಗೆ ಗಾಡಿ ಬರುವುದಿತ್ತು. ಅಮ್ಮನನ್ನು ಕಳಿಸಲೆಂದು ಬಂದ ಮಗಳೂ ಹೂಂ ಅಂದಿದ್ದಳು.

ಅಮ್ಮನ ಬಟ್ಟೆ ಮಡಚುತ್ತಾ ಮಗಳು ನೆಲದ ಮೇಲೆ ಕೂತಿದ್ದಳು. ಕಿಟಕಿಯಿಂದ ಬಂದ ಇಳಿಬಿಸಿಲಿಗೆ ಕಣ್ಣು ತಾನಾಗಿ ಎಳೆಯುತ್ತಿತ್ತು. ದಪ್... ದಪ್... ಗೋಡೆಯ ಕೊನೆ ಮುಟ್ಟಿದ ಅಮ್ಮ ಮೊದಲಿನ ಜಾಗಕ್ಕೇ ಮರಳಿದಳು. ಈ ಸಲ ಕೈ ತುಸು ಕೆಳಗೆ, ಮೊದಲ ಗುದ್ದು ಒಂದು ಹೆಜ್ಜೆ ಮುಂದೆ. ಮೇಲಿನ ಎರಡು ಹೂವುಗಳ ನಡುವಿನ ಖಾಲಿಗೆ ಸರಿಯಾಗಿ ಕೆಳಸಾಲಿನ ಹೂವು ಬೀಳುವಂತೆ! ಮಗಳ ಮೈ ಜುಮ್ಮೆಂದಿತು. ಚಿಕ್ಕಂದಿನಲ್ಲಿ ಅಚ್ಚಿನ ಮೇಜಿನ ಕೆಳಗೆ ಮಲಗಿ, ಅಚ್ಚಿನ ಮೇಲೆ ಅಮ್ಮನ ಮುಷ್ಟಿ ಬೀಳುವ ಇದೇ ಸದ್ದಿಗೆ ಎಷ್ಟು ಮಧ್ಯಾಹ್ನ ನಿದ್ದೆಹೋಗಿದ್ದಳೋ, ಲೆಕ್ಕವಿರಲಿಲ್ಲ.

"ತಮ್ಮಾ, ಇಲ್ಲಿ ಬಾರೋ! ಅಮ್ಮ ಗೋಡೆ ಗುದ್ತಿಲ್ಲ ಕಣೋ. ಅಚ್ಚು ಹಾಕ್ತಿದ್ದಾಳೆ."

ಅಮ್ಮನ ಚೀಲ ಹಿಡಿದು ಬಂದ ತಮ್ಮ ಸೋತವನಂತೆ ಅದೇ ಗೋಡೆಗೊರಗಿದ. "ಏನಾದ್ರೂ ಇರಲಿ ಅಕ್ಕಾ. ನನ್ನ ಕೈಲಿ ಇನ್ನಾಗಲ್ಲ."

ಅಮ್ಮನ ಮುಷ್ಟಿ ಗಾಳಿಯಲ್ಲೇ ನಿಂತಿತು. ಎಷ್ಟೋ ತಿಂಗಳ ಮೇಲೆ ಅವಳು ಮಗನ ಮುಖವನ್ನು ನೆಟ್ಟಗೆ ನೋಡಿದಳು.

"ಏಯ್, ದೂರ ನಿಲ್ಲೋ! ಬಣ್ಣ ಇನ್ನೂ ಆರಿಲ್ಲ."

ಅವನು ಬೆಚ್ಚಿಬಿದ್ದು ಗೋಡೆ ಬಿಟ್ಟು ನಿಂತ. ಆಮೇಲೆ ಅಕ್ಕನ ಕಡೆ ಬೆನ್ನು ತಿರುಗಿಸಿದ.

"ಅಂಗಿಗೆ ಹತ್ತಿದೆಯಾ ನೋಡಕ್ಕಾ," ಎಂದ. ದನಿ ಒಡೆದಿತ್ತು.

"ಹತ್ತಿದೆ ಕಣೋ," ಎಂದಳು ಅಕ್ಕ, ಬಿಳಿ ಅಂಗಿಯ ಮೇಲೆ ಕೈಯಾಡಿಸುತ್ತಾ.

ಹೊರಗೆ ಗಾಡಿಯವನು ಹಾರ್ನ್ ಹೊಡೆದ. ತಮ್ಮ ಕಣ್ಣೊರೆಸಿಕೊಂಡು ಹೋಗಿ, ಇವತ್ತು ಬೇಡ ಎಂದು ಹೇಳಿ ಕಳಿಸಿ ಬಂದ.