ಎರಡು ತೋಳಿನ ದೀಪದ ಕಂಬ

ಕನ್ನಡಕದ ಅಂಗಡಿಯ ಹಿಂದಿನ ಕಿರುಕೋಣೆಯಲ್ಲಿ ಲೆನ್ಸಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಯಂತ್ರ ನಿಂತಾಗಲೆಲ್ಲ ಬೆರಳಿಗಂಟಿದ ಬಿಳಿ ಹುಡಿಯನ್ನು ಅಂಗಿಗೆ ಒರೆಸಿಕೊಂಡು ಮೊಬೈಲು ತೆರೆಯುತ್ತಿದ್ದ. ಅದರಲ್ಲಿ ಊರಿನ ಹಳೆಯ ಫೋಟೊಗಳ ಗುಂಪೊಂದಿತ್ತು. ಯಾರಾದರೂ ಅಜ್ಜನ ಹೊಸ ಸೈಕಲ್ಲನ್ನೋ ಅಜ್ಜಿಯ ಶಾಲೆಯ ಗೇಟನ್ನೋ ಹಾಕಿ ಇಸವಿ ಬರೆದರೆ, ಅವನು ಅಜ್ಜ ಅಜ್ಜಿಯರನ್ನು ನೋಡುತ್ತಿರಲಿಲ್ಲ. ಅವರ ಬೆನ್ನ ಹಿಂದಿನ ದೀಪದ ಕಂಬವನ್ನು ನೋಡುತ್ತಿದ್ದ. ಕಬ್ಬಿಣದ್ದೋ ಸಿಮೆಂಟಿನದ್ದೋ, ಬಲ್ಬಿನ ಮೇಲಿರುವುದು ತಟ್ಟೆಯೋ ಟೋಪಿಯೋ.

"ಕ್ಷಮಿಸಿ, ಈ ಬೀದಿಗೆ ತಟ್ಟೆದೀಪ ಬಂದದ್ದು ನೀವು ಹೇಳುವ ಇಸವಿಯಾಗಿ ಎಷ್ಟೋ ವರ್ಷದ ಮೇಲೆ," ಎಂದು ಬರೆಯುತ್ತಿದ್ದ.

ಆ 'ಕ್ಷಮಿಸಿ'ಯಲ್ಲಿ ಕ್ಷಮೆಯ ಸುಳಿವೂ ಇರುತ್ತಿರಲಿಲ್ಲ. ಬರೆದು ಕಳಿಸಿದೊಡನೆ ಎದೆಯೊಳಗೆ ಸಣ್ಣದೊಂದು ತಂಪು, ಅಳತೆಗೆ ಸರಿಯಾಗಿ ಉಜ್ಜಿದ ಲೆನ್ಸು ಫ್ರೇಮಿನಲ್ಲಿ ಟಕ್ಕೆಂದು ಕೂತಾಗ ಆಗುವಂಥದ್ದು.

ಗುಂಪಿನವರು ಅವನಿಗೆ 'ಕಂಬದ ಸಾಹೇಬರು' ಎಂದು ಹೆಸರಿಟ್ಟಿದ್ದರು. "ಸಾಹೇಬ್ರು ಬಂದ್ರು, ನಿಮ್ಮಜ್ಜನ್ನ ಸ್ವಲ್ಪ ಪಕ್ಕಕ್ಕೆ ಸರಿಸಿ, ಕಂಬ ಕಾಣ್ತಿಲ್ಲ" ಎಂದು ಚುಡಾಯಿಸುತ್ತಿದ್ದರು. ಅವನು ಅದನ್ನು ಬಿರುದಿನಂತೆ ಹೊತ್ತುಕೊಂಡ. ಔಷಧದಂಗಡಿ ನಡೆಸುವ ಒಬ್ಬಾಕೆ ಅವನ ಶಿಷ್ಯೆಯೂ ಆದಳು. ಯಾವ ಕಂಬ ಯಾವಾಗ ಬಂತೆಂಬುದನ್ನೆಲ್ಲ ಅವಳಿಗೆ ಕಲಿಸಿಕೊಟ್ಟ.

ಅವನಿಗೆ ತನ್ನವರೆಂದು ಇದ್ದವಳು ಅಕ್ಕ ಒಬ್ಬಳೇ, ಪಕ್ಕದ ಬೀದಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಾಗಿಸಿಕೊಂಡು ಬದುಕಿದವಳು. ದೂರದ ಬಂದರಿಗೆ ದುಡಿಯಲು ಹೋದ ಅಪ್ಪ ಅದೇ ವರ್ಷ ದೋಣಿ ಮುಳುಗಿ ಸತ್ತನೆಂದು ಚಿಕ್ಕಪ್ಪ ಸುದ್ದಿ ತಂದಿದ್ದ. ಹೆಣ ಸಿಗಲಿಲ್ಲ. ಅಮ್ಮ ಹಾಸಿಗೆ ಹಿಡಿದಳು, ಅಕ್ಕ ಓದು ಬಿಟ್ಟು ತಮ್ಮನನ್ನು ಸಾಕಿದಳು. "ಅಪ್ಪ ಇದ್ದಿದ್ರೆ ನಮ್ಮನ್ನ ಹೀಗೆ ಬಿಡ್ತಿದ್ನಾ?" ಎಂಬ ಒಂದು ಮಾತಿನ ಮೇಲೆ ಅವಳ ಬದುಕಿಡೀ ನಿಂತಿತ್ತು.

ಚಿಕ್ಕಪ್ಪ ಈಚೆಗೆ ತೀರಿಕೊಂಡಾಗ ಅವನ ಪೆಟ್ಟಿಗೆಯಲ್ಲಿ ಒಂದು ಫೋಟೊ ಸಿಕ್ಕಿತು. ತಮ್ಮನಿಗೆ ಖುಷಿಯಾಗಲೆಂದು ಅಕ್ಕ ಅವನಿಗೆ ಹೇಳದೆಯೇ ಅದನ್ನು ಗುಂಪಿಗೆ ಹಾಕಿದಳು. ಇಸವಿ ಬರೆದು ಕೆಳಗೆ ಸೇರಿಸಿದ್ದಳು: "ಅಪ್ಪ ಮತ್ತು ಚಿಕ್ಕಪ್ಪ. ಅಪ್ಪ ಬಂದರಿಗೆ ಹೊರಡುವ ಮುಂಚಿನ ಕೊನೆಯ ಫೋಟೊ."

ಅಭ್ಯಾಸದಂತೆ ಅವನ ಕಣ್ಣು ಅಪ್ಪನನ್ನು ದಾಟಿ ಕಂಬಕ್ಕೇ ಹೋಯಿತು. ಊರಿನದೇ ಬೀದಿ, ಎರಡು ತೋಳಿನ ಕಂಬ. ಅಪ್ಪ ಸತ್ತ ಸುದ್ದಿ ಬಂದು ಎರಡು ವರ್ಷವಾಗುವವರೆಗೆ ಊರಿನಲ್ಲೆಲ್ಲೂ ಅಂಥ ಕಂಬವಿರಲಿಲ್ಲ. ಆಮೇಲೆ ಅಪ್ಪನನ್ನು ನೋಡಿದ. ಇಸ್ತ್ರಿ ಮಾಡಿದ ಅಂಗಿ, ಚಿಕ್ಕಪ್ಪನ ಹೆಗಲ ಮೇಲೆ ಕೈ, ನಗು. ಅಪ್ಪ ಬದುಕಿದ್ದ. ಇದೇ ಊರಿಗೆ ಬಂದು, ಮನೆಗೆ ಬಾರದೆ ಹೋಗಿದ್ದ. ಚಿಕ್ಕಪ್ಪನಿಗೆ ಎಲ್ಲ ಗೊತ್ತಿತ್ತು.

"ಏನಯ್ಯಾ, ಲೆನ್ಸ್ ಉಜ್ತಿದ್ದೀಯೋ ಬೆರಳು ಉಜ್ತಿದ್ದೀಯೋ?" ಎಂದು ಅಂಗಡಿಯ ಮಾಲೀಕ ಕೂಗಿದ. ಬೆರಳಲ್ಲಿ ರಕ್ತ ಬಂದಿತ್ತು.

ತಪ್ಪೊಂದನ್ನು ಕಂಡೂ ಅವನು ಸುಮ್ಮನಿದ್ದದ್ದು ಅದೇ ಮೊದಲು. ಆದರೆ ಮಧ್ಯಾಹ್ನ ಶಿಷ್ಯೆ ಬರೆದಳು: "ಕ್ಷಮಿಸಿ ಅಮ್ಮಾ, ಇಸವಿ ತಪ್ಪು. ಈ ಕಂಬ ಬಂದಿದ್ದೇ ಎರಡು ವರ್ಷ ಆದ್ಮೇಲೆ. ಸಾಹೇಬ್ರೇ, ಸರಿ ತಾನೇ?"

"ಇಲ್ಲ," ಅವನು ಬರೆದ. "ಪರೀಕ್ಷೆಗೆಂದು ಒಂದು ಕಂಬವನ್ನು ಮೊದಲೇ ನೆಟ್ಟಿದ್ದರು."

ಶಿಷ್ಯೆ ಅವನ ಹಳೆಯ ಬರಹವನ್ನೇ ಹುಡುಕಿ ತಂದು ಹಾಕಿದಳು: "ಪರೀಕ್ಷೆಗೆಂದೂ ಒಂದೇ ಒಂದು ಕಂಬ ನೆಟ್ಟಿರಲಿಲ್ಲ. ಇಂಥ ಕಟ್ಟುಕಥೆ ಹಬ್ಬಿಸಬೇಡಿ."

"ಸಾಹೇಬ್ರ ಕಂಬಾನೇ ಉರುಳ್ತು!" ಎಂದು ಒಬ್ಬ ಬರೆದ. ನಗುವ ಮುಖಗಳು ಸಾಲುಗಟ್ಟಿದವು.

"ಆಗ ತಿಳಿಯದೆ ಬರೆದಿದ್ದೆ. ತಪ್ಪು ನನ್ನದೇ," ಎಂದು ಬರೆದು ಮೊಬೈಲು ಮುಚ್ಚಿದ.

ಸಂಜೆ ಅಕ್ಕನ ಮನೆಗೆ ಹೋದಾಗ ಹೊಲಿಗೆ ಯಂತ್ರ ನಿಂತಿತ್ತು. ಅರ್ಧ ಹೊಲಿದ ತೋಳು ಸೂಜಿಯ ಕೆಳಗೇ ಉಳಿದಿತ್ತು.

"ಆ ಹೆಂಗಸಿಗೆ ಏನೂ ಗೊತ್ತಿಲ್ಲ ಅಕ್ಕಾ. ನಾನೇ ಹಿಂದೆ ತಪ್ಪಾಗಿ ಬರ್ದಿದ್ದೆ."

"ಹೌದೇನೋ?" ಅಕ್ಕ ಅವನನ್ನೇ ನೋಡಿದಳು. "ಜ್ವರ ಬಂದು ಮಲಗಿದ್ದಾಗಲೂ, ನಾನು ಮಾತ್ರೆ ಹೆಸರು ತಪ್ಪು ಹೇಳಿದ್ರೆ ಎದ್ದು ಕೂತು ತಿದ್ದಿದವನು ನೀನು. ತಪ್ಪು ನಂದು ಅಂತ ಹುಟ್ಟಿದಾಗಿನಿಂದ ಒಂದು ಸಲ ಅಂದಿಲ್ಲ. ಇವತ್ತು ಊರೆಲ್ಲಾ ನಗೋ ಹಾಗೆ ಅಂದೆ. ಯಾಕೆ ಅಂತ ನಂಗೆ ಗೊತ್ತಾಗಲ್ವಾ?"

ಅವನು ಸೂಜಿಯ ಕೆಳಗಿನ ಬಟ್ಟೆಯತ್ತ ಕಣ್ಣು ಹೊರಳಿಸಿದ.

"ಫೋಟೊದಲ್ಲಿರೋದು ಯಾವ ಬೀದಿ?" ಎಂದು ಅಕ್ಕ ಕೇಳಿದಳು.

"ಅಂಚೆ ಕಚೇರಿ ಬೀದಿ."

"ಆಗೆಲ್ಲಾ ನಾನು ಗುಂಡಿ, ದಾರ ತರೋಕೆ ದಿನಾ ಹೋಗ್ತಿದ್ದೆ ಅಲ್ಲಿಗೆ," ಎಂದಳು, ಯಾರಿಗೂ ಅಲ್ಲವೆಂಬಂತೆ. ಆಮೇಲೆ ಮೊಬೈಲು ಎತ್ತಿಕೊಂಡು, 'ಅಪ್ಪ ಬಂದರಿಗೆ ಹೊರಡುವ ಮುಂಚಿನ' ಎಂಬುದನ್ನು ಒಂದೊಂದೇ ಅಕ್ಷರವಾಗಿ ಅಳಿಸಿದಳು. ಇಸವಿಗೆ ಎರಡು ವರ್ಷ ಕೂಡಿಸಿ ಬರೆದು, ಪರದೆಯನ್ನು ಅವನತ್ತ ತಿರುಗಿಸಿದಳು.

"ನೋಡು. ಈಗ ಸರೀನಾ?"

"ಸರಿ," ಎಂದ ಅವನು.