ರಿಗ್ ನಿಲ್ಲಿಸಿದ ಕೈ

ದಾವಣಗೆರೆಯ ಮಹಾಜನತೆಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸರಸ್ವತಿ ನಗರದ ಬಕ್ಕೇಶಪ್ಪನವರ ಮನೆ ಮುಂದೆ ನಡೆಯುತ್ತಿದ್ದ ಬೋರ್‌ವೆಲ್ ಕಾಮಗಾರಿಯನ್ನು ಇಂದು ಮುಂಜಾನೆ ಒಂದು ಸೀರೆ ಸೆರಗಿನ ಕಾರಣಕ್ಕೆ ಕೆಲಹೊತ್ತು ಸ್ಥಗಿತಗೊಳಿಸಲಾಗಿತ್ತು. ಸಾರ್ವಜನಿಕರು ಗಾಬರಿಯಾಗಬಾರದು. ಸೆರಗು ಕ್ಷೇಮವಾಗಿದೆ.

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೋರ್ ಲಾರಿಯ ಗದ್ದಲಕ್ಕೆ ಇಡೀ ಕ್ರಾಸು ಎದ್ದು ಕೂತಿದೆ. ಅಲಾರಂ ಇಟ್ಟು ಮಲಗಿದವರ ಶ್ರಮವೆಲ್ಲ ದಂಡ. ರಾಡು ಗರಗರ ತಿರುಗ್ತಾ ಇದೆ, ಬೂದಿ ಬಣ್ಣದ ಧೂಳು ಎದುರುಮನೆ ಕಾರಿಗೆ ಪುಕ್ಕಟೆ ಬಣ್ಣ ಹೊಡೀತಾ ಇದೆ. ಅಷ್ಟೊತ್ತಿಗೆ ಮನೆಯೊಡತಿ ಶಕುಂತಲಮ್ಮ ಕುಂಕುಮದ ತಟ್ಟೆ ಹಿಡ್ಕೊಂಡು, ಗಂಗವ್ವನಿಗೆ ಇನ್ನೊಂದು ಸಲ ಪೂಜೆ ಆಗ್ಲಿ ಅಂತ ತಿರುಗೋ ರಾಡಿನ ಹತ್ತಿರಕ್ಕೇ ಬರ್ತಾರೆ. ಸೆರಗು ಗಾಳಿಗೆ ಪಟಪಟ ಅಂತಿದೆ.

ರಾಡ್ ಹಾಕೋಕೆ ಪಕ್ಕದಲ್ಲೇ ನಿಂತ ಉಚ್ಚಂಗೆಪ್ಪ ಬಲಗೈ ಎತ್ತುತ್ತಾರೆ. ಅಷ್ಟೇ. ಲಿವರ್ ಹಿಡಿದ ಹಯಾತ್ ಸಾಬ್ ಏನು, ಎತ್ತ ಅಂತ ಕೇಳೋದಿಲ್ಲ. ಎಳೆದು ನಿಲ್ಲಿಸ್ತಾರೆ.

"ಗಂಗವ್ವಗ ಕುಂಕುಮ ಹಚ್ಚಿದ್ರ ನಿನ್ನ ಗಂಟೇನು ಹೋಗ್ತೈತಪಾ?" ಅಂತ ಶಕುಂತಲಮ್ಮ.

"ನನ್ನ ಗಂಟು ಹೋಗಲ್ಲಮ್ಮಾರೆ. ನಿಮ್ಮ ಸೆರಗು ಹೋಗ್ತೈತೆ. ಅದ್ರ ಹಿಂದೆ ನೀವು ಹೋಗ್ತೀರಿ."

ಬಾಯಲ್ಲಿ ಬ್ರಷ್ ಇಟ್ಕೊಂಡೇ ಬಕ್ಕೇಶಪ್ಪ ಹೊರಗೆ ಬರ್ತಾರೆ. ಮಂಡಿಪೇಟೆಯಲ್ಲಿ ಅಂಗಡಿ ಇರೋ ಸಾವ್ಕಾರ್ರು, ಎಂಥ ಗದ್ದಲದಲ್ಲೂ ಅವರ ದನಿ ಕೇಳಿಸ್ತದೆ. "ಯಾವನಲೇ ನಿಲ್ಸಿದ್ದು?"

"ನಾನ್ರಿ."

"ಮಾಲಕ ನಾನೋ, ನೀನೋ?"

"ನೀವೇ ಸಾವ್ಕಾರ್ರೆ. ಆದ್ರ ಅದು ರಾಡಿಗೆ ಗೊತ್ತಿಲ್ಲ."

ಬೋರ್ ಲಾರಿಗೊಂದು ಧರ್ಮ ಇದೆ. ಈ ಸದ್ದಿನಲ್ಲಿ ಮಾತು ಕೇಳಿಸಲ್ಲ, ಅದಕ್ಕೆ ಕೈಯೇ ಬಾಯಿ. ಯಾರೇ ಕೈ ಎತ್ತಲಿ, ಟೀ ತಂದವನೇ ಎತ್ತಲಿ, ಮಷಿನ್ ನಿಲ್ಲಬೇಕು. "ಮೊದ್ಲು ನಿಲ್ಸೋದು, ಆಮೇಲೆ ಬೈಯೋದು. ಇದು ಉಲ್ಟಾ ಆದ್ರೆ ಬೈಸ್ಕೊಳ್ಳೋಕೆ ಆ ಮನುಷ್ಯ ಇರಲ್ಲ," ಅಂತಾರೆ ಹಯಾತ್ ಸಾಬ್. ಈ ಧರ್ಮದ ಬೆಲೆ ಉಚ್ಚಂಗೆಪ್ಪಗೆ ಗೊತ್ತಾಗಿದ್ದು ಇಲ್ಲಲ್ಲ. ನೀರೇ ನೀರು ಇರೋ ಜಾಗದಲ್ಲಿ.

ಹುಟ್ಟಿದ್ದು ಆನಗೋಡು, ಮನೆ ಹರಿಹರ. ಐಟಿಐ ಫಿಟ್ಟರ್ ಓದಿ, ಹರಿಹರದಲ್ಲಿ ಅವರು ಕೆಲಸಕ್ಕಿದ್ದ ಫ್ಯಾಕ್ಟರಿ ಬಾಗಿಲು ಹಾಕಿದ ಮೇಲೆ ಒಬ್ಬ ಕಂಟ್ರಾಕ್ಟರ್ ಹಿಂದೆ ಸಮುದ್ರಕ್ಕೆ ಹೋದರು. ಕಡಲ ನಡುವೆ ಕಬ್ಬಿಣದ ಕಾಲೂರಿ ನಿಂತ ರಿಗ್ಗು. ಅದರ ಕೆಲಸ ತಳ ಕೊರೆದು ಎಣ್ಣೆ ಹುಡುಕೋದು. ಅಲ್ಲಿ ಪೈಪ್ ಜೋಡಿಸೋ ಗುಂಪಲ್ಲಿ ಉಚ್ಚಂಗೆಪ್ಪ, ವಾಲ್ವ್ ನೋಡ್ಕೊಳ್ಳೋ ಗುಂಪಲ್ಲಿ ದಾವಣಗೆರೆಯ ಖುದ್ದೂಸ್. ಸಾವಿರ ಕಿಲೋಮೀಟರ್ ದೂರದಲ್ಲಿ ಮಿರ್ಚಿ-ಮಂಡಕ್ಕಿ ನೆನೆಸ್ಕೊಳ್ಳೋಕೆ ಒಬ್ಬರಿಗೊಬ್ಬರು ಸಿಕ್ಕರು.

ಸೇರಿದ ದಿನವೇ ಕಂಪನಿ ಎಲ್ಲರ ಜೇಬಿಗೂ ಒಂದು ಕೆಂಪು ಕಾರ್ಡ್ ಹಾಕ್ತು. ಅಪಾಯ ಅನ್ನಿಸಿದ್ರೆ ಇದನ್ನು ತೋರಿಸಿ, ಅಡುಗೆಯವನು ತೋರಿಸಿದರೂ ಕೆಲಸ ನಿಲ್ತದೆ ಅಂತ ಭಾಷಣ. ಚಪ್ಪಾಳೆ. ಲಡ್ಡು.

ಉಚ್ಚಂಗೆಪ್ಪ ಆ ಕಾರ್ಡನ್ನು ಒಂದೇ ಸಲ ತೋರಿಸಿದ್ದು. ಒಳಗಿನ ಗ್ಯಾಸ್ ಮೇಲೆ ನುಗ್ಗಬಾರದು ಅಂತ, ಕೊರೆದ ಬಾವಿಯ ತಳಕ್ಕೆ ಸಿಮೆಂಟ್ ಹಾಕಿ ಮುಚ್ಚಿದ್ರು. ಅದು ಗಟ್ಟಿ ಹಿಡಿದಿದೆಯೋ ಇಲ್ವೋ ಅಂತ ಒತ್ತಡ ಕೊಟ್ಟು ನೋಡೋ ಟೆಸ್ಟ್ ಅವತ್ತಿತ್ತು. ಬೆಳಿಗ್ಗೆ ಇದ್ದ ಟೆಸ್ಟ್ ಮಧ್ಯಾಹ್ನಕ್ಕೆ ಇರಲಿಲ್ಲ. ರಿಗ್ ಬಾಡಿಗೆ ತಾಸಿಗೆ ಇಷ್ಟು ಅಂತ ಓಡ್ತಾ ಇರ್ತದಲ್ಲ, ಟೆಸ್ಟ್ ಬಿಟ್ಟರೆ ಒಂದು ದಿನ ಉಳಿತಾಯ.

"ಸಿಮೆಂಟ್ ಹಿಡಿದಿತ್ತೋ ಇಲ್ಲೋ ನಂಗೇನು ಗೊತ್ರಿ? ನಾನೇನು ಎಂಜಿನಿಯರ್ ಅಲ್ಲ. ಮಾಡ್ತೀವಿ ಅಂದಿದ್ರು, ಮಾಡ್ಲಿಲ್ಲ. ಯಾಕ ಅಂತ ಕೇಳಾಕ ಕಾರ್ಡ್ ತೋರಿಸಿದೆ."

ಕೆಲಸ ನಿಂತಿತು. ಉತ್ತರ ಮಾತ್ರ ಪ್ರವಾಸ ಹೊರಟಿತು. ಮೇಸ್ತ್ರಿ ರಿಗ್ ಮ್ಯಾನೇಜರ್ ಕಡೆ ಕೈ ತೋರಿಸಿದ್ರು. ಮ್ಯಾನೇಜರು, ಬಾವಿ ನಮ್ಮದಲ್ಲ, ಎಣ್ಣೆ ಕಂಪನಿಯವರದು ಅಂದ್ರು. ಎಣ್ಣೆ ಕಂಪನಿ ಸಾಹೇಬರು ಮುಂಬೈಗೆ ಫೋನ್ ಹಚ್ಚಿದ್ರು. ಮುಂಬೈ ಆಫೀಸು ಸಿಮೆಂಟಿನವರನ್ನು ಕೇಳಿ ಅಂತು. ಸಿಮೆಂಟಿನವರು, ಟೆಸ್ಟ್ ಬೇಕು ಅಂತ ಯಾರೂ ನಮಗೆ ಆರ್ಡರ್ ಕೊಟ್ಟಿಲ್ಲವಲ್ಲ ಅಂದ್ರು.

"ಕೊನೀಗೆ, ಮೇಲಿಂದ ಆರ್ಡರ್ ಬಂದೈತೆ, ಮುಂದುವರಿಸ್ರಿ ಅಂದ್ರು. ಮೇಲೆ ಅಂದ್ರ ಯಾರ್ರಿ? ಸಮುದ್ರದಾಗ ಮೇಲೆ ನೋಡಿದ್ರೆ ಆಕಾಶ ಒಂದೇ ಐತೆ."

ಮರುದಿನ ಬೆಳಿಗ್ಗೆ ಅವರನ್ನು ಹೆಲಿಕಾಪ್ಟರ್ ಹತ್ತಿಸಿದ್ರು. ನಿಮಗೆ ರೆಸ್ಟ್ ಬೇಕು, ಊರಿಗೆ ಹೋಗಿ ಬನ್ನಿ ಅಂತ. ಊರಿಗೆ ಬಂದು ಮೂರು ದಿನಕ್ಕೆ ಟಿವಿಯಲ್ಲಿ ರಿಗ್ ಉರೀತಿತ್ತು. ಇಬ್ಬರು ವಾಪಸ್ ಬರಲಿಲ್ಲ. ಖುದ್ದೂಸ್ ಬಂದರು, ಬೆರಳು ಮಡಚೋಕೆ ಬರದ ಎರಡು ಕೈ ತಂದರು.

ಕಾರ್ಡ್ ಕೊಟ್ಟ ಕಂಪನಿಯ ಮೊದಲ ವರದಿ ಮುದ್ದಾಗಿದೆ. ಖುದ್ದೂಸ್ ವಾಲ್ವ್ ತಿರುಗಿಸೋದು ತಡ ಮಾಡಿದ್ದರಿಂದ ಬೆಂಕಿ ಹತ್ತಿತಂತೆ. ಜೊತೆಗೆ ಇನ್ನೊಂದು ಸಾಲು: ಕೆಲಸ ನಿಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇತ್ತು, ಆದರೆ ಯಾರೂ ನಿಲ್ಲಿಸಲಿಲ್ಲ. ಆಳಕ್ಕೆ ಕೊರೆಯಿರಿ ಅಂದವರು ಮೇಲಿನವರು, ತಪ್ಪು ಮಾತ್ರ ಆಳಿನದು. ನಮ್ಮ ಬೋರ್‌ವೆಲ್ಲಿನದೂ ಅದೇ ನ್ಯಾಯ ಬಿಡಿ. ನೀರು ಬಂದರೆ ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸಿದವರ ಕೀರ್ತಿ, ಬರದಿದ್ದರೆ ರಾಡ್ ಹಾಕಿದವನ ಕಾಲ್ಗುಣ.

ಈಗ ಮುಂಬೈಯಲ್ಲಿ ವಿಚಾರಣಾ ಸಮಿತಿ ಕೂರ್ತಾ ಇದೆ. ಆ ವರದಿಯನ್ನು ಹಂಗೇ ಒಪ್ಪಿದರೆ ಇಬ್ಬರ ಸಾವು ಖುದ್ದೂಸ್ ಹೆಸರಿಗೆ ಬರ್ತದೆ, ಆಯುಷ್ಯಪೂರ್ತಿ. ಅದಕ್ಕೇ ಉಚ್ಚಂಗೆಪ್ಪನವರ ಮಹಾಯೋಜನೆ: ಹರಿಹರದಲ್ಲಿ ರೈಲು ಹತ್ತೋದು, ಸಾಕ್ಷಿ ಹೇಳೋದು, ನಿಲ್ಲಿಸಿದ್ದೆ ಅಂತ ಹೇಳೋದು.

ಭಾನುವಾರ ಹರಿಹರದ ಮನೆಯಲ್ಲಿ ಅದರ ರಿಹರ್ಸಲ್. ಪ್ಲಾಸ್ಟಿಕ್ ಕುರ್ಚಿ ಮೇಲೆ ಸಮಿತಿ ಅಧ್ಯಕ್ಷೆ ದುರುಗವ್ವ, ಅಂದರೆ ಉಚ್ಚಂಗೆಪ್ಪನವರ ಹೆಂಡತಿ. ಕೈಯಲ್ಲಿ ಲಟ್ಟಣಿಗೆ. ಗೋಡೆಗೆ ಒರಗಿ ಖುದ್ದೂಸ್, ಪಕ್ಕದಲ್ಲಿ ಅವರಿಗೆ ಟೀ ಕುಡಿಸ್ತಾ ಅವರ ಹೆಂಡತಿ ನುಜತ್.

"ಹೇಳಪ್ಪ ಸಾಕ್ಷಿ, ತಪ್ಪು ಯಾರದು?" ಲಟ್ಟಣಿಗೆ ಕುಟ್ಟಿ ದುರುಗವ್ವ ಕೇಳ್ತಾರೆ.

"ಮಾಸ್ವಾಮಿ, ನಾನು ಕಾರ್ಡ್..."

"ಜೋರಾಗಿ ಹೇಳು! ಮನ್ಯಾಗ ನನ್ ಮ್ಯಾಲೆ ಹಾರಾಡ್ತೀಯಲ್ಲ, ಹಂಗೆ."

"ಭಾಬಿ, ಇಷ್ಟು ಬೈದ್ರೆ ಇವ್ನು ಟೆಸ್ಟ್ ತಪ್ಪಿಸಿದ್ದೂ ನಾನೇ ಅಂತ ಒಪ್ಕೊಂಡ್ಬಿಡ್ತಾನೆ," ಅಂತ ಖುದ್ದೂಸ್ ನಗ್ತಾರೆ.

ಆಗ ಫೋನ್ ಬರ್ತದೆ. ಸಮಿತಿ ಆಫೀಸಿನ ಮೇಡಂ, ಹಿಂದಿಯಲ್ಲಿ, ಬಹಳ ಮರ್ಯಾದೆಯಿಂದ. ಉಚ್ಚಂಗೆಪ್ಪ ಸ್ಪೀಕರ್ ಹಾಕ್ತಾರೆ. ನಿಯಮದ ಪ್ರಕಾರ, ಅವಘಡದ ದಿನ ರಿಗ್ ಮೇಲೆ ಇದ್ದವರು ಮಾತ್ರ ಸಾಕ್ಷಿ. ನೀವು ಅವತ್ತು ಇರಲಿಲ್ಲ.

"ಯಾಕ ಇರ್ಲಿಲ್ಲ ಅಂತ ಕೇಳ್ರಿ ಮೇಡಂ. ನಿಲ್ಲಿಸಿದ್ದಕ್ಕೇ ಕಳಿಸಿದ್ರು," ಅಂತ ಇವರು ತಮ್ಮ ಹಿಂದಿಯಲ್ಲಿ ವಿವರಿಸ್ತಾರೆ.

ಅದು ವಿಚಾರಣೆಯ ವ್ಯಾಪ್ತಿಗೆ ಬರಲ್ಲ ಅಂತಾರೆ ಮೇಡಂ.

ದುರುಗವ್ವ ಲಟ್ಟಣಿಗೆ ಕೆಳಗಿಡ್ತಾರೆ. "ಅಂದ್ರ ನಿಲ್ಸಿದೋನ್ನ ಓಡಿಸಿ, ಆಮೇಲೆ ನಿಲ್ಸೋರೇ ಇರ್ಲಿಲ್ಲ ಅನ್ನೋದು!"

ಖುದ್ದೂಸ್ ನಗೋದಿಲ್ಲ ಈಗ. ತಮ್ಮ ಕೈ ನೋಡ್ಕೊಂಡು ಕೂರ್ತಾರೆ. ನುಜತ್ ಎದ್ದು ಫೋನಿನ ಹತ್ತಿರ ಬರ್ತಾರೆ. "ಮೇಡಂ, ನಾನು ಖುದ್ದೂಸ್ ಹೆಂಡತಿ. ವಿಚಾರಣೆಗೆ ಕರೆದಿದ್ದೀರಲ್ಲ, ನಮ್ಮ ಮನೆಯವ್ರಿಗೆ ಕೈ ಆಡಲ್ಲ. ಜೊತೆಗೆ ಒಬ್ರು ಬರಬಹುದಾ?"

ಬರಬಹುದಂತೆ. ಸಹಾಯಕರು ಪಕ್ಕದಲ್ಲೇ ಕೂರಬಹುದು, ನೀರು ಕುಡಿಸಬಹುದು. ಮಾತಾಡುವಂತಿಲ್ಲ.

ಫೋನ್ ಇಟ್ಟಾಯ್ತು. ಸಾಕ್ಷಿ ಹೇಳೋಕೆ ಅಂತ ತಂದ ಹೊಸ ಅಂಗಿ ಗೂಟದಲ್ಲಿ ನೇತಾಡ್ತಾ ಇದೆ. ಉಚ್ಚಂಗೆಪ್ಪ ಅದನ್ನ ತೆಗೆದು ದುರುಗವ್ವನ ಕೈಗೆ ಕೊಡ್ತಾರೆ. "ಇಸ್ತ್ರಿ ಮಾಡು."

"ಬಾಯಿ ಬಿಡಂಗಿಲ್ಲಂತ, ಹೋಗಿ ಏನ್ ಮಾಡ್ತಿ?"

"ಖುದ್ದೂಸಗ ನೀರು ಕುಡಿಸ್ತೀನಿ. ಯಾರೂ ನಿಲ್ಲಿಸಲಿಲ್ಲ ಅಂತ ಅವ್ರು ಓದ್ತಾರಲ್ಲ, ಆವಾಗ ಕೈ ಎತ್ತತೀನಿ. ಮಾತಾಡಬಾರ್ದು ಅಂದ್ಲು ಆಯಮ್ಮ. ಕೈ ಎತ್ತಬಾರ್ದು ಅಂತ ಹೇಳ್ಲಿಲ್ಲ."